ಬೀಗದ ಕೈ ಹಿಡಿದವರ ಪಾಠಶಾಲೆ



ಮೈಸೂರಿನ ಸಿದ್ಧಾರ್ಥನಗರದವರಿಗೆ ಸರ್ಕಾರಿ ತರಬೇತಿ ಹೊಸದಲ್ಲ. ಕರ್ನಾಟಕ ಪೊಲೀಸ್ ಅಕಾಡೆಮಿ ಹತ್ತಿರದಲ್ಲೇ ಇದೆ. ಅಧಿಕಾರಿಗಳು ಕಲಿಯುವ ಆಡಳಿತ ತರಬೇತಿ ಸಂಸ್ಥೆ ಲಲಿತಮಹಲ್ ರಸ್ತೆಯಲ್ಲಿದೆ. ಹಾಗಾದರೆ ನಮ್ಮ ಜೈಲರ್‌ಗಳು ಎಲ್ಲಿ ಕಲಿಯುತ್ತಾರೆ?

ತಮಿಳುನಾಡಿನ ವೆಲ್ಲೂರಿನಲ್ಲಿ. ದಕ್ಷಿಣದ ರಾಜ್ಯಗಳ ಜೈಲು ಅಧಿಕಾರಿಗಳಿಗೆಂದೇ 1979ರಲ್ಲಿ ಅಲ್ಲೊಂದು ಅಕಾಡೆಮಿ ಶುರುವಾಯಿತು. ಕರ್ನಾಟಕವೂ ಅದರ ಪಾಲುದಾರ. ಕವಾಯತಿನ ಜೊತೆಗೆ ಕಾನೂನು, ಮನಶ್ಶಾಸ್ತ್ರ, ಅಪರಾಧಶಾಸ್ತ್ರವನ್ನೂ ಅಲ್ಲಿ ಕಲಿಸುತ್ತಾರೆ.

ನಮ್ಮ ಸಂವಿಧಾನದಲ್ಲಿ ಜೈಲು ರಾಜ್ಯಪಟ್ಟಿಯ ವಿಷಯ. ಕೇಂದ್ರ ದಾರಿ ತೋರಬಹುದು, ನಡೆಯಬೇಕಾದದ್ದು ರಾಜ್ಯ. 1970ರಲ್ಲಿ ಹುಟ್ಟಿದ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗೆ ಜೈಲು ಸುಧಾರಣೆಯ ಹೊಣೆಯೂ ಸೇರಿದೆ. 2003ರಲ್ಲಿ ಮಾದರಿ ಕಾರಾಗೃಹ ಕೈಪಿಡಿ ಬಂತು, 2016ರಲ್ಲಿ ಪರಿಷ್ಕರಣೆಯಾಯಿತು. ಆದರೆ ಕೈಪಿಡಿ ಕಪಾಟಿನಲ್ಲಿದ್ದರೆ ಬ್ಯಾರಕ್ಕಿನಲ್ಲಿ ಏನೂ ಬದಲಾಗದು.

ಜೈಲು ನಡೆಸುವವರಿಗೂ ಕಲಿಸಬೇಕೆಂಬ ಪಾಠವನ್ನು ಅಮೆರಿಕ ರಕ್ತ ಸುರಿಸಿ ಕಲಿಯಿತು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲಿನ ದಂಗೆಯಲ್ಲಿ ಕೈದಿಗಳು, ಸಿಬ್ಬಂದಿ ಸೇರಿ 43 ಜನ ಸತ್ತರು. ಆ ದಂಗೆಯ ಬಳಿಕ, 1974ರಲ್ಲಿ ಅಲ್ಲಿನ ಸಂಸತ್ತು ರಾಷ್ಟ್ರೀಯ ಕಾರಾಗೃಹ ಸುಧಾರಣಾ ಸಂಸ್ಥೆಗೆ ಕಾನೂನಿನ ನೆಲೆ ಕೊಟ್ಟಿತು. ಅದು ಸ್ವತಃ ಒಂದು ಜೈಲನ್ನೂ ನಡೆಸುವುದಿಲ್ಲ, ನಡೆಸುವವರಿಗೆ ಕಲಿಸುತ್ತದೆ.

ಕಲಿಸುವುದೇನಿದೆ, ಬೀಗ ಹಾಕುವುದು ತಾನೇ ಎನ್ನುವವರಿದ್ದಾರೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಅವರಲ್ಲೊಬ್ಬ ಊಟ ಬಿಟ್ಟು ಮೂಲೆ ಹಿಡಿದರೆ ಅವನ ಮನಸ್ಸಿನಲ್ಲಿ ಏನಿದೆ ಎಂದು ಮೊದಲು ಗುರುತಿಸಬೇಕಾದವರು ಡಾಕ್ಟರಲ್ಲ, ವಕೀಲರೂ ಅಲ್ಲ, ಪಾಳಿಯಲ್ಲಿರುವ ವಾರ್ಡರ್. ಆ ಕಣ್ಣು ಹುಟ್ಟಿನಿಂದ ಬರುವುದಿಲ್ಲ. ಕೆಲಸಕ್ಕೆ ಸೇರುವ ಮೊದಲೂ ಸೇರಿದ ಮೇಲೂ ತರಬೇತಿ ಬೇಕೆಂದು ವಿಶ್ವಸಂಸ್ಥೆ 2015ರ ಮಂಡೇಲಾ ನಿಯಮಗಳಲ್ಲಿ ಹೇಳಿದ್ದು ಅದಕ್ಕೇ.

ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಗೆ ಬಣ್ಣ ಹಚ್ಚಿ ರಂಗಕ್ಕೆ ತಂದಾಗ ಮೈಸೂರು ಚಪ್ಪಾಳೆ ತಟ್ಟಿತು. ತಾಲೀಮಿಗೆ ಬಾಗಿಲು ತೆರೆದವರನ್ನು, ನಾಟಕ ಮುಗಿಯುವತನಕ ಬದಿಯಲ್ಲಿ ನಿಂತು ಕಾದವರನ್ನು ನಾವು ನೋಡಲಿಲ್ಲ. ಕೈದಿ ಬದಲಾಗಬೇಕೆಂದು ಕೇಳುವ ಸಮಾಜ, ಅವನನ್ನು ಕಾಯುವವರು ಏನು ಕಲಿತಿದ್ದಾರೆ ಎಂದೂ ಕೇಳಬೇಕು.

ಈ ಉಪನ್ಯಾಸ ಮಾಲೆ ನಡೆಸುವ ಸಂಘದವರಲ್ಲಿ ಒಂದು ಮನವಿ: ಮುಂದಿನ ಉಪನ್ಯಾಸಕ್ಕೆ ಒಬ್ಬ ವಾರ್ಡರ್‌ರನ್ನೇ ಕರೆಸಿ. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.