ನಾವು ಆಡಿದ ‘ವಿಗಡ ವಿಕ್ರಮರಾಯ’
(ತುಮಕೂರಿನ ನಾಟಕಾಭಿಮಾನಿಗಳ ಸಭೆಯಲ್ಲಿ ಮಾಡಿದ ಭಾಷಣ)



ಷೇಕ್ಸ್‌ಪಿಯರ್ ಮಹಾಕವಿಯ ಚಾರಿತ್ರಿಕ ನಾಟಕವೊಂದನ್ನು ಆಡಲು ಹೊರಟ ನಾವು ಸಂಸರ ‘ವಿಗಡ ವಿಕ್ರಮರಾಯ’ವನ್ನು ಆರಿಸಿಕೊಂಡುದೇಕೆಂದು ಮಿತ್ರರು ಕೇಳಿದ್ದಾರೆ. ಅದಕ್ಕೆ ಉತ್ತರ ಹೇಳುವುದೇ ಇಂದು ನಮ್ಮ ಉದ್ದೇಶ.

‘ಮೂರನೆಯ ರಿಚರ್ಡ್’ ನಾಟಕದಲ್ಲಿ, ಎಳೆಯ ಅರಸುಮಕ್ಕಳನ್ನು ಕಾಯಬೇಕಾದ ಚಿಕ್ಕಪ್ಪನೇ ಅವರನ್ನು ಕೊಲ್ಲಿಸುತ್ತಾನೆ. 1485ರಲ್ಲಿ ಬಾಸ್ವರ್ತ್ ರಣದಲ್ಲಿ ತಾನೂ ಬೀಳುತ್ತಾನೆ. ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಇಂತಹುದು ನಡೆಯಿತು. 1638ರಲ್ಲಿ ದಳವಾಯಿ ವಿಕ್ರಮರಾಯನು ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದನೆಂದು ಚರಿತ್ರೆ ಹೇಳುತ್ತದೆ. ಬಳಿಕ ಪಟ್ಟಕ್ಕೆ ಬಂದ ರಣಧೀರ ಕಂಠೀರವರು ಅವನನ್ನು ಕೊಲ್ಲಿಸಿದರು. ಈ ವಸ್ತುವನ್ನು ಸಂಸರು ಬಿರುಸಾದ ಕನ್ನಡದಲ್ಲಿ ನಾಟಕವಾಗಿಸಿದರು. 1939ರಲ್ಲಿ ತೀರಿಕೊಂಡ ಆ ಮಹನೀಯರ ನಾಟಕಗಳಲ್ಲಿ ನಮಗೆ ಉಳಿದವು ಆರೇ. ಮನೆಯಲ್ಲಿ ಹೊನ್ನಿರಲು ಸಾಲಕ್ಕೆ ಹೋಗುವುದೇಕೆ?

ಆಡುವುದು ಮಾತ್ರ ಸುಲಭವಾಗಿರಲಿಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸುದ್ದಿಯನ್ನು ಕೇಳಿ ಬೆಳೆದ ಸೀಮೆಯಿದು. “ದಳವಾಯಿಗೆ ಕುದುರೆ ಬೇಡವೇ ಸ್ವಾಮಿ? ಕುಣಿಗಲ್ಲೇನು ದೂರವೇ?” ಎಂದು ಹಿರಿಯರೊಬ್ಬರು ಕೇಳಿದರು. ನಮ್ಮಲ್ಲಿದ್ದುದು ಎರಡು ಪರದೆ, ಒಂದು ಪೀಠ. ಮಾತಿನಿಂದಲೇ ಅರಮನೆಯನ್ನು ಕಟ್ಟಬೇಕಾಯಿತು. ಹಾಡಿಗೆ ಒಗ್ಗಿದ ಕೊರಳುಗಳಿಗೆ ಆ ಗದ್ಯ ಬಗ್ಗಲು ಬಹುದಿನಗಳ ತಾಲೀಮು ಬೇಕಾಯಿತು.

ತಾಲೀಮಿನ ನಡುವೆ ನಾವು ರಿಚರ್ಡನ ನಾಟಕದ ಒಂದು ಪುಟ್ಟ ಪ್ರವೇಶವನ್ನು ಪಾತ್ರಧಾರಿಗಳಿಗೆ ಓದಿ ಹೇಳಿದೆವು. ಹೇಸ್ಟಿಂಗ್ಸ್ ಪ್ರಭುವಿನ ತಲೆ ಹೋದ ಮೇಲೆ ನಕಲು ಗುಮಾಸ್ತನೊಬ್ಬನು ಆರೋಪಪತ್ರವನ್ನು ಹಿಡಿದು ಬರುತ್ತಾನೆ. ಅದನ್ನು ಬರೆಯಲು ಅವನಿಗೆ 11 ಗಂಟೆ ಹಿಡಿದಿದೆ; 5 ಗಂಟೆಗಳ ಹಿಂದೆ ಹೇಸ್ಟಿಂಗ್ಸ್ ಜೀವಂತನಾಗಿ, ಯಾವ ಆರೋಪವೂ ಇಲ್ಲದೆ ಓಡಾಡುತ್ತಿದ್ದ! ಮೋಸ ಎಲ್ಲರಿಗೂ ಕಾಣುತ್ತದೆ, ಆಡುವವರಿಲ್ಲ. ನ್ಯಾಯಾಲಯದಲ್ಲಿ ಬಾಳು ಸವೆಸುವ ನಮಗೆ ಆ ಗುಮಾಸ್ತನು ರಿಚರ್ಡನಿಗಿಂತ ಭಯಂಕರನಾಗಿ ಕಂಡನು.

ಆದುದರಿಂದ ನಾವು ಅರಮನೆಯ ಊಳಿಗದವರನ್ನು ಬರಿಯ ಕಂಬಗಳಂತೆ ನಿಲ್ಲಿಸಲಿಲ್ಲ. “ನಿಮಗೆಲ್ಲ ಗೊತ್ತಿದೆ, ಗೊತ್ತಿದ್ದೂ ತಲೆ ತಗ್ಗಿಸಿದ್ದೀರಿ” ಎಂದು ಪ್ರತಿಯೊಬ್ಬರಿಗೂ ಹೇಳಿಕೊಟ್ಟೆವು. ಮೊದಲು ವಿಕ್ರಮರಾಯನ ಚಾತುರ್ಯಕ್ಕೆ ನಕ್ಕ ಪ್ರೇಕ್ಷಕರು ಬರಬರುತ್ತ ಆ ತಗ್ಗಿದ ತಲೆಗಳನ್ನು ಕಂಡು ನಿಶ್ಶಬ್ದರಾದರು.

ಅವನು ಬಿದ್ದಾಗ ನಗಾರಿ ಬಾರಿಸಬೇಕೆಂದು ಹಲವರ ಇಚ್ಛೆಯಿತ್ತು. ನಾವು ಒಪ್ಪಲಿಲ್ಲ. ದುಷ್ಟನು ಅಳಿದುದು ಸರಿಯೇ. ಆದರೆ ಅವನಿಗೂ ವಿಚಾರಣೆ ನಡೆಯಲಿಲ್ಲವಷ್ಟೆ! ಕತ್ತಿ ಕೈ ಬದಲಾಯಿಸಿದ ಮಾತ್ರಕ್ಕೆ ನ್ಯಾಯವಾಯಿತೆ? ಅಂದು ಅರಸರನ್ನೂ ದಳವಾಯಿಗಳನ್ನೂ ಪ್ರಶ್ನಿಸುವ ಹಕ್ಕು ಪ್ರಜೆಗಿರಲಿಲ್ಲ. ಇಂದು ಆ ಹಕ್ಕಿದೆ. ಅದಿದ್ದೂ ತಲೆ ತಗ್ಗಿಸಿ ನಿಂತರೆ ನಾವೂ ಆ ಊಳಿಗದವರೇ.