ಕೊರತೆ ಅಳೆದು ಖನಿಜ ಕೊಡೋಣ



ಹೊರರೋಗಿ ವಿಭಾಗದಲ್ಲಿ ಕೂತವರಿಗೆಲ್ಲ ಪರಿಚಯದ ದೃಶ್ಯವಿದು. ಐವತ್ತರ ಆಸುಪಾಸಿನ ತಾಯಿಯೊಬ್ಬರು ಬರುತ್ತಾರೆ. ಟೇಪು ಹಿಡಿದರೆ ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ನಮ್ಮ ಹೆಣ್ಣುಮಕ್ಕಳಿಗೆ 80 ದಾಟಿದರೇ ಎಚ್ಚರಿಕೆ. ಬಿಪಿ 140, ಖಾಲಿ ಹೊಟ್ಟೆಯ ಸಕ್ಕರೆ 112. ಐದು ಲಕ್ಷಣಗಳಲ್ಲಿ ಮೂರು ಸಿಕ್ಕವು. ಮೆಟಬಾಲಿಕ್ ಸಿಂಡ್ರೋಮ್ ಎನ್ನಲು ಅಷ್ಟು ಸಾಕು. ಅಷ್ಟರಲ್ಲಿ ಅವರು ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಡುತ್ತಾರೆ. "ಡಾಕ್ಟ್ರೇ, ಇದ್ರಲ್ಲಿ ಕ್ರೋಮಿಯಂ, ಮೆಗ್ನೀಸಿಯಂ ಎಲ್ಲಾ ಇದೆಯಂತೆ. ಮಗ ತರಿಸಿಕೊಟ್ಟ. ತಗೊಂಡ್ರೆ ಶುಗರ್ ಬರಲ್ವಾ?"

ಈ ಪ್ರಶ್ನೆಗೆ ನಾವು ಪ್ರಾಮಾಣಿಕವಾಗಿ ಉತ್ತರಿಸಬೇಕಿದೆ.

ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2003ರಲ್ಲಿ ಮೆಕ್ಸಿಕೊದ ಸಂಶೋಧಕರು 63 ಮಧುಮೇಹಿಗಳಲ್ಲಿ ಕೆಲವರಿಗೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ, ಉಳಿದವರಿಗೆ ಹುಸಿಮದ್ದು ಕೊಟ್ಟರು. 16 ವಾರಗಳ ನಂತರ ಮೆಗ್ನೀಸಿಯಂ ಪಡೆದವರ ಸಕ್ಕರೆ ಇಳಿದಿತ್ತು, ಇನ್ಸುಲಿನ್ ಪ್ರತಿರೋಧ ಕಡಿಮೆಯಾಗಿತ್ತು. 2009ರಲ್ಲಿ ಅಮೆರಿಕದಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಇದ್ದವರ ಮೇಲೆ ಕ್ರೋಮಿಯಂ ಪಿಕೊಲಿನೇಟಿನ ಪ್ರಯೋಗ ನಡೆಯಿತು. ಅಲ್ಲೂ 63 ಜನ, ಅಲ್ಲೂ 16 ವಾರ. ಇನ್ಸುಲಿನ್ ಸಂವೇದನೆ ಇದ್ದಲ್ಲೇ ಇತ್ತು. ಖನಿಜ ಬೇರೆ, ರೋಗಿಗಳು ಬೇರೆ, ಒಪ್ಪುತ್ತೇನೆ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು ವ್ಯತ್ಯಾಸ. ಮೆಕ್ಸಿಕೊದವರು ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಿದ್ದವರನ್ನೇ ಆರಿಸಿಕೊಂಡಿದ್ದರು. ಕ್ರೋಮಿಯಂ ಕೊರತೆಯನ್ನು ಹಾಗೆ ನೆಚ್ಚಿಕೊಂಡು ಹೇಳುವ ಪರೀಕ್ಷೆಯೇ ಇಲ್ಲ.

ಕೊರತೆಯಿಲ್ಲದವರಿಗೆ ಕೊಟ್ಟರೆ ನಷ್ಟವೇನು ಎನ್ನುವವರಿಗೆ ಸೆಲೆನಿಯಂ ಉತ್ತರ ಕೊಟ್ಟಿದೆ. ಅಮೆರಿಕದ ಕ್ಯಾನ್ಸರ್ ತಡೆ ಪ್ರಯೋಗವೊಂದರಲ್ಲಿ 1202 ಜನರ ಲೆಕ್ಕ ತೆಗೆದಾಗ, ದಿನಕ್ಕೆ 200 ಮೈಕ್ರೊಗ್ರಾಂ ಸೆಲೆನಿಯಂ ನುಂಗಿದವರಲ್ಲಿ 58 ಮಂದಿಗೆ, ಹುಸಿಮದ್ದು ಪಡೆದವರಲ್ಲಿ 39 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೆಚ್ಚು ಪೆಟ್ಟು ಬಿದ್ದದ್ದು ಮೊದಲೇ ಮೈಯಲ್ಲಿ ಸೆಲೆನಿಯಂ ಧಾರಾಳವಾಗಿದ್ದವರಿಗೆ.

ಮೆಗ್ನೀಸಿಯಂ ಅಳೆಯುವುದೂ ಸಲೀಸಲ್ಲ. ದೇಹದ ಒಟ್ಟು ಮೆಗ್ನೀಸಿಯಂನಲ್ಲಿ ಸೀರಂನಲ್ಲಿರುವುದು ಶೇ. 1ಕ್ಕಿಂತ ಕಡಿಮೆ, ವರದಿ ನಾರ್ಮಲ್ ಬಂದರೂ ಕೊರತೆ ಅಡಗಿರಬಹುದು. ಆದ್ದರಿಂದ ತಟ್ಟೆಯನ್ನೂ ನೋಡಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿ.ಗ್ರಾಂ ಮೆಗ್ನೀಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಬಹುಪಾಲು ತೌಡಿನ ಜೊತೆ ಹೋಗಿರುತ್ತದೆ. ಎರಡು ಹೊತ್ತೂ ಮುದ್ದೆ ಉಣ್ಣುವವರನ್ನೂ ಬರೀ ಬಿಳಿ ಅನ್ನ ಉಣ್ಣುವವರನ್ನೂ ಒಂದೇ ಗುಂಪಿಗೆ ಸೇರಿಸಿ ಸರಾಸರಿ ತೆಗೆದರೆ ಸಿಗುವ ಅಂಕಿ ಇಬ್ಬರಿಗೂ ಸಲ್ಲದು.

ಹೊಸ ಪ್ರಯೋಗಕ್ಕೆ ಅಣಿಯಾಗುತ್ತಿರುವ ಕಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ಗುಳಿಗೆ ಕೊಡುವ ಮುಂಚೆ ರಕ್ತದ ಮಾದರಿಯನ್ನೂ ಊಟದ ವಿವರವನ್ನೂ ಪಡೆಯಿರಿ. ಕೊರತೆಯಿರುವವರ ಫಲಿತಾಂಶವನ್ನು ಬೇರೆಯಾಗಿಯೇ ನೋಡಿ. ಗುಣ ಕಾಣಲಿಲ್ಲವೆಂದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಪ್ರಕಟಿಸಿ.