ಮೂರು ಬೆರಳಿನ ಸನ್ನೆ

ಇವತ್ತು ‘ದಿ ಹಂಗರ್ ಗೇಮ್ಸ್’ ಬಗ್ಗೆ ಮಾತಾಡ್ತೀನಿ. ಸುಝಾನ್ ಕಾಲಿನ್ಸ್ ಅವರ ಈ ಕಾದಂಬರಿ ಬಂದಿದ್ದು 2008ರಲ್ಲಿ, ಸಿನಿಮಾ 2012ರಲ್ಲಿ. ಕಥೆ ಗೊತ್ತಲ್ಲ? 12 ಜಿಲ್ಲೆಗಳಿಂದ 24 ಮಕ್ಕಳು. ಒಬ್ಬರೇ ಉಳಿಯೋವರೆಗೂ ಕಾದಾಡಬೇಕು, ಅದು ಟೀವಿಯಲ್ಲಿ ನೇರಪ್ರಸಾರ.

ಪುಸ್ತಕದಲ್ಲಿ ಕಥೆ ಹೇಳೋಳು ಕ್ಯಾಟ್ನಿಸ್ ಒಬ್ಬಳೇ. ಅವಳಿಗೆ ಕಾಣದ್ದು ನಮಗೂ ಕಾಣಲ್ಲ. ಸಿನಿಮಾ ನಮ್ಮನ್ನ ಆಟ ನಡೆಸೋರ ಕಂಟ್ರೋಲ್ ರೂಮಿಗೇ ಕರ್ಕೊಂಡು ಹೋಗುತ್ತೆ. ಕಾಡಿಗೆ ಬೆಂಕಿ ಹಚ್ಚಿದ್ದು ಯಾರು, ಮೃಗಗಳನ್ನ ಬಿಟ್ಟಿದ್ದು ಯಾರು ಅಂತ ಕಣ್ಣಾರೆ ನೋಡ್ತೀವಿ. ಪುಸ್ತಕದ ಭಯ ಸ್ವಲ್ಪ ಕಮ್ಮಿಯಾಗುತ್ತೆ ನಿಜ. ಆದರೆ ಅಧಿಕಾರ ಹೇಗೆ ಕೆಲಸ ಮಾಡುತ್ತೆ ಅನ್ನೋದು ಸ್ಪಷ್ಟವಾಗುತ್ತೆ.

ಇದೆಲ್ಲ ಹುಡುಗರ ಕಥೆ ಅಂತ ತಳ್ಳಿಹಾಕೋರಿಗೆ ಒಂದು ಮಾತು. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ, ವಿರೋಧಿಸಿದ ಜನ ಇದೇ ಕಥೆಯ ಮೂರು ಬೆರಳಿನ ಸನ್ನೆ ಎತ್ತಿ ತೋರಿಸಿದ್ರು. ಹಾಗೆ ಮಾಡಿದ ವಿದ್ಯಾರ್ಥಿಗಳನ್ನ ಹಿಡಿದುಕೊಂಡೂ ಹೋದ್ರು. 2021ರಲ್ಲಿ ಮ್ಯಾನ್ಮಾರ್ ಬೀದಿಗಳಲ್ಲೂ ಅದೇ ಬೆರಳುಗಳು.

ಕಾದಂಬರಿಯಲ್ಲಿ ಅದು ಮೊದಲಿಗೆ ಬಂಡಾಯದ ಗುರುತೇ ಅಲ್ಲ, ಪ್ರೀತಿಪಾತ್ರರನ್ನ ಬೀಳ್ಕೊಡೋ ರೀತಿ. ಮಾತೇ ಇಲ್ಲದ ಆ ಸನ್ನೆಗೆ ಹೆದರಿದ್ದು ಬಂದೂಕು ಹಿಡಿದವರು.